ಸೌದೆ ಕೊಟ್ಟಿಗೆಯ ಆರ್‌ಡಿ 350: ಹಳೇ ಬೈಕನ್ನು ಮತ್ತೆ ಓಡಿಸುವುದು, ಕಟ್ಟಿಕೊಂಡ ಕಾರ್ಬೊರೇಟರ್ ತೊಳೆಯುವುದು

ನಮ್ಮ ಚಿಕ್ಕಪ್ಪನ ಆರ್‌ಡಿ 350 ಹದಿನಾಲ್ಕು ಮಳೆಗಾಲ ಸೌದೆ ಕೊಟ್ಟಿಗೆಯಲ್ಲೇ ಕಳೆದಿತ್ತು. ಒಂದು ಕಡೆ ಸಿಲ್ವರ್ ಓಕ್ ಸೌದೆ, ಇನ್ನೊಂದು ಕಡೆ ಕೆಟ್ಟ ಕಾಫಿ ಪಲ್ಪರ್, ನಡುವೆ ಈ ಬೈಕು. ಸೀಟಿನ ಮೇಲೆ ಹಳೇ ಗೋಣಿಚೀಲಗಳ ರಾಶಿ. ಕೊಡಗಿನ ಮಳೆಗೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ ಎಲ್ಲಕ್ಕೂ ಬೂಷ್ಟು ಬರುತ್ತದೆ, ಬೈಕನ್ನು ಬಿಟ್ಟೀತಾ? ಚಿಕ್ಕಪ್ಪ ಕೀ ಕೈಗಿಡುತ್ತಾ, "ನಿಲ್ಲಿಸಿದ ದಿನ ಚೆನ್ನಾಗೇ ಓಡ್ತಾ ಇತ್ತು ಮಾರಾಯ, ಒಂದು ಕಿಕ್ ಹೊಡಿ ಸಾಕು" ಅಂದರು.

ಆ ಒಂದು ಕಿಕ್ ಹೊಡೆಯಬೇಡಿ. ಈ ಇಡೀ ಬರಹದಲ್ಲಿ ನೆನಪಿಡಬೇಕಾದ ಮಾತು ಅದೊಂದೇ ಅಂದರೂ ಸರಿ. ವರ್ಷಗಟ್ಟಲೆ ನಿಂತ ಇಂಜಿನ್ನಿನ ಬೋರ್ (ಸಿಲಿಂಡರಿನ ಒಳಗೋಡೆ) ಮೇಲೆ ತೆಳ್ಳಗೆ ತುಕ್ಕು ಹಿಡಿದಿರುತ್ತದೆ. ರಿಂಗ್‌ಗಳು ಪಿಸ್ಟನ್ನಿಗೆ ಅಂಟಿರುತ್ತವೆ, ಎಣ್ಣೆ ಎಲ್ಲ ಒಣಗಿರುತ್ತದೆ. ಜೋರಾಗಿ ಒಂದು ಕಿಕ್ ಬಿದ್ದರೆ ರಿಂಗ್ ಮುರಿಯಬಹುದು, ಬೋರ್ ಕೆರೆದುಹೋಗಬಹುದು. ಎರಡು ದಿನ ತಡೆದುಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಬೈಕನ್ನು ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 'ರಾಜದೂತ್ 350' ಅನ್ನುವ ಹೆಸರಲ್ಲಿ 1983ರಿಂದ ಆ ದಶಕದ ಕೊನೆವರೆಗೆ ಮಾಡಿತು. 347 ಸಿಸಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಆರು ಗೇರ್. ಎರಡು ಸಿಲಿಂಡರ್ ಅಂದರೆ ಎರಡು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ), ಎರಡು ಸೆಟ್ ಪಾಯಿಂಟ್ (ಹೊತ್ತಿಗೆ ಸರಿಯಾಗಿ ಸ್ಪಾರ್ಕ್ ಬರಿಸುವ ಸ್ವಿಚ್), ಎರಡರಷ್ಟು ತಲೆನೋವು. ನಿಮ್ಮದು ಆರ್‌ಎಕ್ಸ್ 100 ಅಥವಾ ಯಜ್ಡಿ ಆದರೂ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಭಾಗ ಹಾಗೇ ಹೊಂದುತ್ತದೆ. ಒಂದೇ ಕಾರ್ಬೊರೇಟರ್ ಇರುವುದರಿಂದ ಎರಡನ್ನು ಹೊಂದಿಸುವ ಕೆಲಸ ಮಾತ್ರ ನಿಮಗಿಲ್ಲ, ಪುಣ್ಯವಂತರು.

ಯಾವಾಗ, ಎಲ್ಲಿ, ಏನು ಬೇಕು

ನಮ್ಮ ಕಡೆ ಇದಕ್ಕೆ ಒಳ್ಳೇ ಕಾಲ ಕಾಫಿ ಕುಯ್ಲು ಮುಗಿದು ಹೂ ಮಳೆ ಬರುವವರೆಗಿನ ದಿನಗಳು, ಅಂದರೆ ಫೆಬ್ರವರಿ, ಮಾರ್ಚ್. ಗಾಳಿ ಒಣಗಿರುತ್ತದೆ. ತೊಳೆದದ್ದು ಒಣಗುತ್ತದೆ, ಬಳಿದ ಪೇಂಟ್ ಕೂರುತ್ತದೆ. ಜುಲೈಯಲ್ಲಿ ಟ್ಯಾಂಕ್ ತೊಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಸ ತುಕ್ಕು ರೆಡಿ.

ಕಣದ ಪಕ್ಕದಲ್ಲಿ ನೆರಳಿರುವ ಜಾಗ ಸಾಕು. ಒಲೆ, ಬೀಡಿ, ವೆಲ್ಡಿಂಗ್ ಹತ್ತಿರ ಇರಬಾರದು. ಒಂದು ಬಕೆಟ್ ಒಣ ಮರಳು ಪಕ್ಕದಲ್ಲೇ ಇಡಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಅದು ಹರಡುತ್ತದೆ. ಸ್ಪ್ಯಾನರ್ ಸೆಟ್, ಸಂದು ಅಳೆಯುವ ಫೀಲರ್ ಗೇಜ್, ಟೆಸ್ಟ್ ಲ್ಯಾಂಪ್, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಎರಡು ಡಬ್ಬಿ, ಕಣ್ಣಿಗೆ ಕನ್ನಡಕ. ಕನ್ನಡಕ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನೊಂದು ಮುಖ್ಯ: ಈ ಬೈಕಿನ ಸ್ಕ್ರೂಗಳು ಜಪಾನ್ ಮಾದರಿಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಎರಡು ಸಲ ಜಾರಿದರೆ ಸ್ಕ್ರೂ ತಲೆ ನುಣ್ಣಗಾಗುತ್ತದೆ. ಜೆಐಎಸ್ ಅಂತ ಕೇಳಿದರೆ ಸರಿಯಾದ ಸ್ಕ್ರೂಡ್ರೈವರ್ ಸಿಗುತ್ತದೆ. ಬಿಗಿಯಾಗಿದ್ದಕ್ಕೆ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ.

ಬಿಚ್ಚುವ ಮುಂಚೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ಬಿಚ್ಚುತ್ತಾ ಹೋದ ಹಾಗೆ ಇನ್ನಷ್ಟು ತೆಗೆಯಿರಿ. ವೈರ್ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅನ್ನುವುದು ಮೂರು ವಾರದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಂಜಿನ್ ತಿರುಗುತ್ತದಾ?

ಎರಡೂ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಅರ್ಧರ್ಧ ಬೆರೆಸಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ಸುರಿಯಿರಿ. ತೂತಿಗೆ ಬಟ್ಟೆ ತುರುಕಿ ಎರಡು ಮೂರು ದಿನ ಬಿಟ್ಟುಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸಿ. ನಿಧಾನ. ಕೂದಲೆಳೆಯಷ್ಟು ಕದಲಿದರೂ ಸಾಕು, ಮತ್ತೆ ಎಣ್ಣೆ ಬಿಟ್ಟು ಮರುದಿನ ಪ್ರಯತ್ನಿಸಿ. ನಮ್ಮದು ನಾಲ್ಕನೇ ದಿನ ಸಾಯಂಕಾಲ ಕಿರ್ ಅಂತ ಕದಲಿತು.

ಟೂ ಸ್ಟ್ರೋಕ್‌ನಲ್ಲಿ ಒಂದು ಅನುಕೂಲ ಇದೆ. ಸೈಲೆನ್ಸರ್ ಪೈಪ್ ಬಿಚ್ಚಿ ಟಾರ್ಚ್ ಹಾಕಿದರೆ ಆ ಕಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಮೇಲಿಂದ ಕೆಳಗೆ ಆಳವಾದ ಗೀರುಗಳಿದ್ದರೆ ಹಿಂದೊಮ್ಮೆ ಸೀಜ್ ಆಗಿದೆ, ಅಂದರೆ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲೇ ಹಿಡಿದುಕೊಂಡಿದೆ ಅಂತ ಅರ್ಥ. ಅಂಥದ್ದನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸದೆ ಬೇರೆ ದಾರಿಯಿಲ್ಲ. ತೆಳು ಗೆರೆಗಳಷ್ಟೇ ಆದರೆ ಮುಂದುವರಿಯಬಹುದು. ಸೈಲೆನ್ಸರ್ ಹೇಗೂ ಬಿಚ್ಚಿದ್ದೀರಿ, ಒಳಗಿನ ಕೊಳವೆಯನ್ನೂ ಎಳೆದು ಕಾರ್ಬನ್ ಕೆರೆದುಬಿಡಿ. ನಮ್ಮದರಿಂದ ಇಲಿ ಗೂಡು ಬಂತು: ಭತ್ತದ ಹೊಟ್ಟು, ಗೋಣಿ ನಾರು, ಒಂದು ಟಾಫಿ ಕಾಗದ.

ಗೇರ್‌ಬಾಕ್ಸ್ ಆಯಿಲ್ ಇಳಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೊಸ ಆಯಿಲ್ ಹಾಕಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಿ.

ಟ್ಯಾಂಕ್

ಟ್ಯಾಂಕ್ ತೊಳೆಯದೆ ಕಾರ್ಬೊರೇಟರ್ ತೊಳೆದರೆ ಸುಮ್ನೆ ಶ್ರಮ ದಂಡ. ಹಳೇ ಪೆಟ್ರೋಲ್ ಇಳಿಸಿ. ಅದರ ವಾಸನೆ ಪೆಟ್ರೋಲಿನ ಹಾಗಿರದೆ ವಾರ್ನಿಶ್ ಹಾಗೆ ಗಮ್ಮೆನ್ನುತ್ತದೆ. ಪೆಟ್ರೋಲ್ ಕಾಕ್ ಬಿಚ್ಚಿ ತೂತು ಮುಚ್ಚಿ. ಒಂದು ಹಿಡಿ ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ. ಎಣಿಸಿ ಅಂದದ್ದು ಯಾಕೆಂದರೆ ಅಷ್ಟೂ ಹೊರಗೆ ಬರಬೇಕು.

ಆಮೇಲೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಲೆಕ್ಕದಲ್ಲಿ ಕರಗಿಸಿ, ಟ್ಯಾಂಕ್ ಬಾಯಿಮಟ್ಟ ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತುಕ್ಕು ಕಪ್ಪು ನೀರಾಗಿ ಇಳಿಯುತ್ತದೆ. ಮನೆಯಲ್ಲಿ ಕಾಚಂಪುಳಿ ಇದೆಯಲ್ಲ, ಹುಳಿ ತಾನೇ, ಅದನ್ನೇ ಹಾಕಿದರಾಗದಾ ಅಂತ ತಮ್ಮ ಕೇಳಿದ. ಆಗಬಹುದೋ ಏನೋ, ಆದರೆ ಪಂದಿ ಕರಿಗೆ ಇಟ್ಟದ್ದನ್ನು ಟ್ಯಾಂಕಿಗೆ ಸುರಿದರೆ ಚಿಕ್ಕಮ್ಮ ಮನೆಯೊಳಗೆ ಸೇರಿಸುವುದಿಲ್ಲ.

ಖಾಲಿ ಮಾಡಿದ ಕೂಡಲೇ ಅಡುಗೆ ಸೋಡಾ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಒಮ್ಮೆ ತೊಳೆಯಿರಿ. ಗಾಳಿ ಹಾಕಿ ಒಣಗಿಸಿ. ತಡಮಾಡದೆ ಒಂದು ಲೀಟರ್ ಪೆಟ್ರೋಲಿಗೆ 100 ಮಿಲಿ ಟೂಟಿ ಆಯಿಲ್ ಬೆರೆಸಿ ಒಳಗೆಲ್ಲ ಸವರುವ ಹಾಗೆ ತಿರುಗಿಸಿ. ಅರ್ಧ ಗಂಟೆ ತಡವಾದರೂ ಕೆಂಪು ತುಕ್ಕು ಮತ್ತೆ ಕಾಣಿಸಿಕೊಳ್ಳುತ್ತದೆ. ಪೆಟ್ರೋಲ್ ಪೈಪ್, ಕಾಕಿನ ವಾಷರ್ ಹೊಸದೇ ಹಾಕಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೇ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ.

ಕಾರ್ಬೊರೇಟರ್ ಬಿಚ್ಚುವುದು

ಈಗ ಅಸಲು ಕೆಲಸ. ಎಡಕ್ಕೆ ಒಂದು ಡಬ್ಬಿ, ಬಲಕ್ಕೆ ಒಂದು ಡಬ್ಬಿ. ಎಡದ್ದು ಬಲಕ್ಕೆ ಸೇರಬಾರದು. ಸ್ಲೈಡು (ಆಕ್ಸಿಲರೇಟರ್ ಕೊಟ್ಟಾಗ ಮೇಲೇಳುವ ಉರುಳೆ), ನೀಡಲ್ಲು (ಅದಕ್ಕೆ ಸಿಕ್ಕಿಸಿದ ಸೂಜಿ) ತಮ್ಮ ತಮ್ಮ ಕಾರ್ಬೊರೇಟರಿನ ಜೊತೆ ಸವೆದು ಹೊಂದಿಕೊಂಡಿರುತ್ತವೆ. ಸಾಧ್ಯವಾದರೆ ಒಂದನ್ನು ಪೂರ್ತಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಿ. ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಮಾದರಿ ಇರುತ್ತದೆ.

ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡನ್ನು ಕೇಬಲ್ ಸಮೇತ ಎಳೆಯಿರಿ. ಬಟ್ಟೆ ಸುತ್ತಿ ನೇತುಬಿಡಿ. ಕ್ಲಾಂಪ್ ಸಡಿಲಿಸಿ, ರಬ್ಬರಿನಿಂದ ಕಾರ್ಬೊರೇಟರನ್ನು ಆಚೀಚೆ ತಿರುಗಿಸುತ್ತಾ ಹೊರಗೆ ತೆಗೆಯಿರಿ. ಆ ರಬ್ಬರನ್ನು ಬಾಗಿಸಿ ನೋಡಿ. ಬಿರುಕಿದ್ದರೆ ಬದಲಾಯಿಸಲೇಬೇಕು. ಅಲ್ಲಿಂದ ಎಳೆದ ಗಾಳಿ ಪಿಸ್ಟನ್ ಸುಡುತ್ತದೆ.

ತಳದ ಬೌಲ್ ಬಿಚ್ಚಿದಾಗ ಗಾಬರಿ ಬೀಳಬೇಡಿ. ನಮ್ಮದರಲ್ಲಿ ತಳಕ್ಕೆ ಜೋನಿಬೆಲ್ಲ ಒಣಗಿದ ಹಾಗೆ ಕಂದು ಪದರ, ಅಂಚಿಗೆ ಹಸಿರು ಕಿಲುಬು, ಅದರ ಮೇಲೆ ಬಿಳಿ ಪುಡಿ. ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಕಂದು, ಹಿತ್ತಾಳೆ ಕಿಲುಬಿದ್ದು ಹಸಿರು, ನೀರು ನಿಂತು ಅಲ್ಯೂಮಿನಿಯಂ ತಿಂದದ್ದು ಬಿಳಿ.

ಪೆಟ್ರೋಲಿನಲ್ಲಿ ತೇಲಿ ಮಟ್ಟ ಕಾಯುವ ಫ್ಲೋಟಿನ ಪಿನ್ ಅಂಟಿಕೊಂಡಿದ್ದರೆ ಹೊಡೆಯಬೇಡಿ. ಅದನ್ನು ಹಿಡಿದಿರುವ ಕಂಬ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ಆಮೇಲೆ ಇಡೀ ಕಾರ್ಬೊರೇಟರ್ ಗುಜರಿಗೆ. ಸ್ಪ್ರೇ ಹಾಕಿ ಕಾಯಿರಿ. ಫ್ಲೋಟ್ ತೆಗೆದ ಮೇಲೆ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತು. ಫ್ಲೋಟ್ ನೀಡಲ್ಲಿನ ಮೊನೆಯಲ್ಲಿ ಉಂಗುರದಂಥ ಗುರುತು ಬಿದ್ದಿದ್ದರೆ ಬದಲಿಸಿ, ಇಲ್ಲದಿದ್ದರೆ ಬೌಲ್ ಉಕ್ಕುತ್ತಲೇ ಇರುತ್ತದೆ.

ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತಿರುವ ಹಿತ್ತಾಳೆ ತುಂಡು: ಮೇನ್ ಜೆಟ್, ನೀಡಲ್ ಜೆಟ್, ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್, ಒಂದೊಂದಾಗಿ ತೆಗೆಯಿರಿ. ಸ್ಕ್ರೂಡ್ರೈವರ್ ಬಾಯಿ ಜೆಟ್ಟಿನ ಸೀಳಿಗೆ ಸರಿಯಾಗಿ ಕೂರಬೇಕು, ಹಿತ್ತಾಳೆ ಬಹಳ ಮೆದು. ಎರಡೂ ಕಡೆಯ ಮೇನ್ ಜೆಟ್ ನಂಬರ್ ಒಂದೇ ಇದೆಯಾ ನೋಡಿ. ಹಿಂದೆ ಯಾರೋ ಸಿಕ್ಕಿದ್ದನ್ನು ಹಾಕಿರುತ್ತಾರೆ. ಏರ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಒಳಗೆ ಮೆಲ್ಲಗೆ ತಾಗುವವರೆಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಡಿ.

ತೊಳೆಯುವುದು, ಮತ್ತು ನಾನು ಮೋಸ ಹೋದ ಜಾಗ

ಮೊದಲು ಹೊರಗಿನ ಕೊಳೆ. ಡೀಸೆಲ್ಲಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಪಾತ್ರೆ ಸೋಪಿನ ಬಿಸಿ ನೀರಲ್ಲಿ ತೊಳೆಯಿರಿ. ರಬ್ಬರ್, ಓ ರಿಂಗ್, ಪ್ಯಾಕಿಂಗ್ ಎಲ್ಲ ಮೊದಲೇ ತೆಗೆದಿರಬೇಕು. ಒಳಗಿನ ಅಂಟಿಗೆ ಕಾರ್ಬೊರೇಟರ್ ಕ್ಲೀನರ್. ಹೊಡೆದು, ಹತ್ತು ನಿಮಿಷ ಬಿಟ್ಟು, ಮತ್ತೆ ಹೊಡೆಯಿರಿ. ಜೆಟ್‌ಗಳನ್ನು ಥಿನ್ನರಲ್ಲಿ ರಾತ್ರಿಯಿಡೀ ನೆನೆಸಬಹುದು.

ಜೆಟ್ಟಿನ ತೂತಿಗೆ ಸೂಜಿ, ಸೇಫ್ಟಿ ಪಿನ್, ಕಬ್ಬಿಣದ ತಂತಿ ಹಾಕಬೇಡಿ. ತೂತು ಒಂದು ಕೂದಲಷ್ಟು ಅಗಲವಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಕರೆಂಟ್ ವೈರ್ ಸೀಳಿ ಅದರ ಒಂದೇ ಒಂದು ತಾಮ್ರದ ಎಳೆ ತೆಗೆದುಕೊಳ್ಳಿ. ಪೈಲಟ್ ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿದರೆ ಗುಂಡಗೆ, ಸ್ವಚ್ಛವಾಗಿ, ಸಾಸಿವೆಗಿಂತ ಎಷ್ಟೋ ಸಣ್ಣ ಬೆಳಕಿನ ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕಟ್ಟಿದೆ.

ನನ್ನ ಜೆಟ್‌ಗಳಲ್ಲಿ ಪೂರ್ಣಚಂದ್ರನೇ ಕಂಡಿತ್ತು. ಜೋಡಿಸಿ ಸ್ಟಾರ್ಟ್ ಮಾಡಿದರೆ ಬಲ ಸಿಲಿಂಡರ್ ಮಾತ್ರ ಹೊಡೆಯುತ್ತಿತ್ತು. ಎಡದ ಪೈಪ್ ತಣ್ಣಗೆ. ಆಕ್ಸಿಲರೇಟರ್ ಕೊಟ್ಟರೆ ಎರಡೂ ಎದ್ದುಬರುತ್ತಿದ್ದವು, ಬಿಟ್ಟ ಕೂಡಲೇ ಎಡದ್ದು ಸಾಯುತ್ತಿತ್ತು. ಮೂರು ಸಲ ಬಿಚ್ಚಿ ಮೂರು ಸಲ ಜೆಟ್ ತೊಳೆದೆ. ಪ್ಲಗ್ ಬದಲಿಸಿದೆ, ಕಾಯಿಲನ್ನು ಬೈದೆ. ಕೊನೆಗೆ ಗೋಣಿಕೊಪ್ಪದ ಹಳೇ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಕಾರ್ಬೊರೇಟರನ್ನು ಕೈಯಲ್ಲಿ ತಿರುಗಿಸಿ, "ಜೆಟ್ ಬಾಗಿಲು ಕಣಪ್ಪಾ. ಬಾಗಿಲು ತೊಳೆದಿದ್ದೀಯ, ಓಣಿ ತೊಳೆದಿಲ್ಲ" ಅಂದರು.

ಪೈಲಟ್ ಜೆಟ್ ಕೂರುವ ತೂತಿನಿಂದ ಮುಂದೆ, ಕಾರ್ಬೊರೇಟರಿನ ಮೈಯೊಳಗೇ ಒಂದು ಸಣ್ಣ ದಾರಿ ಹೋಗುತ್ತದೆ. ಅದು ಗಾಳಿ ಹೋಗುವ ದೊಡ್ಡ ಕೊಳವೆಯಲ್ಲಿ, ಇಂಜಿನ್ ಕಡೆಗೆ, ಸ್ಲೈಡಿನ ಬುಡದಲ್ಲಿ ಒಂದೆರಡು ಸೂಜಿಮೊನೆ ತೂತುಗಳಾಗಿ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಪರೀಕ್ಷೆ ಸುಲಭ. ಕ್ಲೀನರ್ ಡಬ್ಬಿಯ ಕೆಂಪು ಕಡ್ಡಿಯನ್ನು ಪೈಲಟ್ ಜೆಟ್ಟಿನ ತೂತಿಗೆ ಒತ್ತಿ ಹೊಡೆಯಿರಿ. ಆ ಸಣ್ಣ ತೂತುಗಳಿಂದಲೂ ಏರ್ ಸ್ಕ್ರೂ ತೂತಿನಿಂದಲೂ ಚಿಮ್ಮಬೇಕು. ನನ್ನದರಲ್ಲಿ ಏರ್ ಸ್ಕ್ರೂ ಕಡೆ ಮಾತ್ರ ಬರುತ್ತಿತ್ತು. ಅದನ್ನು ಬೆರಳಲ್ಲಿ ಮುಚ್ಚಿ, ತಾಮ್ರದ ಎಳೆ ಆಡಿಸಿ, ಮತ್ತೆ ಹೊಡೆದೆ. ಏನೂ ಇಲ್ಲ. ಬಗ್ಗಿ ನೋಡುತ್ತಾ ಇನ್ನೊಮ್ಮೆ ಹೊಡೆದೆ. ಕಂದು ಬಣ್ಣದ ಒಂದು ಚೂರು ಹಾರಿ, ಹಿಂದೆಯೇ ಕ್ಲೀನರ್ ಧಾರೆ ನೇರ ಮುಖಕ್ಕೆ ಬಂತು. ಕನ್ನಡಕ ಹಾಕಿದ್ದೆ, ಬಚಾವಾದೆ.

ಕೊನೆಯಲ್ಲಿ ಪ್ರತಿ ದಾರಿಗೂ ಕಂಪ್ರೆಸರ್ ಗಾಳಿ ಬಿಡಿ. ಬೌಲಿನ ಗಾಳಿ ಕೊಳವೆ, ಓವರ್‌ಫ್ಲೋ ಪೈಪ್ ಮರೆಯಬೇಡಿ. ಕುಂಬಾರ ಹುಳಕ್ಕೆ ಮಣ್ಣಿನ ಮನೆ ಕಟ್ಟಲು ಅದಕ್ಕಿಂತ ಒಳ್ಳೇ ಜಾಗ ಸಿಗುವುದಿಲ್ಲ. ಏರ್ ಫಿಲ್ಟರಿನ ಸ್ಪಂಜ್ ಮುಟ್ಟಿದರೆ ಪುಡಿಯಾಗುತ್ತದೆ, ಹೊಸದು ಹಾಕಿ. ಇನ್ನೊಂದು ಮಾತು: ಹಳೇ ಕಾರ್ಬೊರೇಟರ್ ಬಿಸಾಡಿ ಆನ್‌ಲೈನಿನ ಅಗ್ಗದ ನಕಲಿ ತರಿಸುವುದು ನನಗೆ ಸರಿ ಕಾಣುವುದಿಲ್ಲ. ಮೈ ಮುರಿಯದಿದ್ದರೆ ಹಳೆಯದೇ ವಾಸಿ.

ಎರಡನ್ನೂ ಹೊಂದಿಸುವುದು

ಹೊಸ ಓ ರಿಂಗ್, ಹೊಸ ಪ್ಯಾಕಿಂಗ್ ಹಾಕಿ ಜೋಡಿಸಿ. ನೀಡಲ್ ಕ್ಲಿಪ್ ಎರಡರಲ್ಲೂ ಒಂದೇ ಕಚ್ಚಿನಲ್ಲಿರಲಿ, ಶುರುವಿಗೆ ನಡುವಿನದು. ಏರ್ ಸ್ಕ್ರೂ ಎರಡೂ ಕಡೆ ತಾಗಿಸಿ ಒಂದೂವರೆ ಸುತ್ತು ಹೊರಗೆ.

ಆಕ್ಸಿಲರೇಟರಿಂದ ಬರುವ ಒಂದು ಕೇಬಲ್ ಟ್ಯಾಂಕಿನ ಕೆಳಗೆ ಮೂರಾಗಿ ಒಡೆಯುತ್ತದೆ: ಎರಡು ಕಾರ್ಬೊರೇಟರಿಗೆ, ಒಂದು ಆಯಿಲ್ ಪಂಪಿಗೆ. ಒಂದು ಸ್ಲೈಡ್ ಮೊದಲು ಎದ್ದು ಇನ್ನೊಂದು ಆಮೇಲೆ ಎದ್ದರೆ ಎತ್ತಿನ ಗಾಡಿಗೆ ಒಂದು ಎತ್ತು ಒಂದು ಕರು ಕಟ್ಟಿದ ಹಾಗೆ. ಐಡಲ್ ಸ್ಕ್ರೂ ಎರಡನ್ನೂ ಪೂರ್ತಿ ಹಿಂದಕ್ಕೆ ತಿರುಗಿಸಿ, ಸ್ಲೈಡ್ ತಳಕ್ಕೆ ಕೂರಲಿ. ಏರ್ ಫಿಲ್ಟರ್ ಕಡೆಯಿಂದ ಒಂದೊಂದು ಸ್ಲೈಡಿನ ಮೇಲೆ ಒಂದೊಂದು ಬೆರಳಿಟ್ಟು, ಇನ್ನೊಬ್ಬರಿಗೆ ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸಲು ಹೇಳಿ. ಎರಡೂ ಒಂದೇ ಗಳಿಗೆಯಲ್ಲಿ ಕದಲುವವರೆಗೆ ಕೇಬಲ್ ಅಡ್ಜಸ್ಟರ್ ತಿರುಗಿಸಿ. ಆಮೇಲೆ ಒಂದೇ ದಪ್ಪದ ಎರಡು ಡ್ರಿಲ್ ಬಿಟ್ಟುಗಳ ಹಿಂಬದಿಯನ್ನು ಸ್ಲೈಡ್ ಕೆಳಗಿಟ್ಟು ನೋಡಿದರೆ ಇನ್ನೂ ಖಚಿತ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಇದು ಬದಲಾಗಬಾರದು.

ಆಯಿಲ್ ಪಂಪಿನ ಗುರುತನ್ನೂ ಮ್ಯಾನುಯಲ್ ಪ್ರಕಾರ ಆಗಲೇ ಹೊಂದಿಸಿ. ಪೈಪಿನಲ್ಲಿ ಗಾಳಿ ಗುಳ್ಳೆ ಇರಬಾರದು. ಪಂಪ್ ಮೇಲೆ ನಂಬಿಕೆ ಬರುವವರೆಗೆ ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 25 ಮಿಲಿ ಟೂಟಿ ಬೆರೆಸಿಬಿಡಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ.

ಸ್ಪಾರ್ಕ್ ಮತ್ತು ಮೊದಲ ಕಿಕ್

ಈ ಬೈಕಿಗೆ ಸ್ಪಾರ್ಕ್ ಬರುವುದು ಬ್ಯಾಟರಿಯಿಂದ. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವಷ್ಟೇ. ಪಾಯಿಂಟ್ ಎರಡನ್ನೂ ನಯವಾದ ಎಮರಿ ಕಾಗದದಲ್ಲಿ ಒರೆಸಿ, ಗ್ಯಾಪ್ 0.3ರಿಂದ 0.4 ಮಿಮೀ ಇಡಿ. ಟೈಮಿಂಗ್ ಎರಡೂ ಸಿಲಿಂಡರಿಗೆ ಬೇರೆ ಬೇರೆಯಾಗಿ ನೋಡಬೇಕು. ಡಯಲ್ ಗೇಜ್ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೇಸ್ತ್ರಿಗೆ ಬಿಡಿ.

ಬಯಲಿಗೆ ತನ್ನಿ. ಚೋಕ್ ಎಳೆಯಿರಿ. ಈಗ ಹೊಡೆಯಿರಿ ಆ ಕಿಕ್ಕು. ಸ್ಟಾರ್ಟ್ ಆದ ಮೇಲೆ ತನ್ನಷ್ಟಕ್ಕೆ ರೇಸ್ ಆಗುತ್ತಾ ಹೋದರೆ ಕೂಡಲೇ ಕೀ ಆಫ್ ಮಾಡಿ. ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬೊರೇಟರ್ ರಬ್ಬರ್ ಸರಿಯಿದ್ದರೆ ಕ್ರ್ಯಾಂಕ್ ಸೀಲ್ ಒಣಗಿದೆ. ಬಲಗಡೆ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲನ್ನೇ ಕುಡಿದು ಹೊಗೆ ಬಿಡುತ್ತದೆ. ಎರಡೂ ಇಂಜಿನ್ ಬಿಚ್ಚುವ ಕೆಲಸ.

ಬಿಸಿಯಾದ ಮೇಲೆ ಐಡಲ್ ಸ್ಕ್ರೂ ಎರಡನ್ನೂ ಕಾಲು ಕಾಲು ಸುತ್ತು ಸಮನಾಗಿ ತಿರುಗಿಸಿ ಕೂರಿಸಿ. ಐದಾರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಇದ್ದರೆ ಸರಿ. ಕರಿದಾಗಿ ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಟೂ ಸ್ಟ್ರೋಕಿಗೆ ಅದು ಅಪಾಯ, ಹಾಗೇ ಓಡಿಸಬೇಡಿ.

ಇಲ್ಲಿ ಕೊಡಗಿನವರಿಗೆ ಒಂದು ವಿಶೇಷ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಪ್ಲಗ್ ಸ್ವಲ್ಪ ಕಪ್ಪಾಗಿ ಕಾಣುವುದು ಸಹಜ. ಅದಕ್ಕಂತ ಮೇನ್ ಜೆಟ್ ಸಣ್ಣದು ಹಾಕಿ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೊಡೆದರೆ ದಾರಿಯಲ್ಲೇ ಸೀಜ್ ಆಗಬಹುದು. ಘಾಟಿ ಇಳಿಯುವಾಗ ಇನ್ನೊಂದು: ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿಯುತ್ತಿದ್ದರೆ ಪಂಪ್ ಕೊಡುವ ಆಯಿಲ್ ತೀರಾ ಕಡಿಮೆ. ಆಗಾಗ ಕ್ಲಚ್ ಹಿಡಿದು ಒಂದು ರೇಸ್ ಕೊಡಿ.

ಓಡಿಸುವ ಮುಂಚೆ ನಿಲ್ಲಿಸುವುದು

ಇದರ ಎರಡೂ ಬ್ರೇಕ್ ಡ್ರಮ್ಮೇ. ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಇತ್ತು, ನಮಗೆ ಕೊಡಲಿಲ್ಲ. ಹಳೇ ಲೈನಿಂಗ್ ಶೂವಿನಿಂದ ಎದ್ದುಬರುತ್ತದೆ, ಆದ್ದರಿಂದ ಹೊಸ ಶೂ ಹಾಕಿ. ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ, ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರ್ ಎಷ್ಟು ಹೊಸದಾಗಿ ಕಂಡರೂ ಪಕ್ಕದ ನಾಲ್ಕಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆ ನಾಲ್ಕಂಕಿಯೇ ಇಲ್ಲದಿದ್ದರೆ ಅದು 2000ಕ್ಕಿಂತ ಹಿಂದಿನದು, ಯೋಚನೆಯೇ ಬೇಡ. ಕೇಬಲ್, ಚೈನ್ ಹೊಸದು. ಸಣ್ಣಪುಟ್ಟ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಒಂದು ದಿನ ಸುತ್ತಿದರೆ ಸಾಕಷ್ಟು ಸಿಗುತ್ತದೆ.

ಆರ್‌ಸಿ 15 ವರ್ಷಕ್ಕೇ ಮುಗಿದಿರುತ್ತದೆ. ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ ನವೀಕರಿಸಬೇಕು. ಚಾಸಿಸ್ ನಂಬರ್ ಮೇಲಿನ ತುಕ್ಕು ತೆಗೆಯುವಾಗ ಗ್ರೈಂಡರ್ ಹಿಡಿಯಬೇಡಿ, ನಂಬರ್ ಅಳಿಸಿದರೆ ಗಾಡಿ ನಿಮ್ಮದೆಂದು ತೋರಿಸುವುದೇ ಕಷ್ಟ.

ಚಿಕ್ಕಪ್ಪ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೋಟದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರು. "ಗೇರ್ ಇನ್ನೂ ಹಾಗೇ ಇದೆ" ಅಂದರು, ಅಷ್ಟೇ. ಈಗ ಜೂನ್ ಬಂದ ಕೂಡಲೇ ನಾನು ಮಾಡುವ ಕೆಲಸ: ಕಾಕ್ ಮುಚ್ಚಿ ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸುವುದು, ಎರಡೂ ಬೌಲಿನ ತಳದ ಸ್ಕ್ರೂ ಬಿಚ್ಚಿ ಉಳಿದ ಪೆಟ್ರೋಲನ್ನು ಗ್ಲಾಸಿಗೆ ಇಳಿಸುವುದು, ಸೈಲೆನ್ಸರ್ ಬಾಯಿಗೆ ಇಲಿ ಹೋಗದ ಹಾಗೆ ಬಟ್ಟೆ ತುರುಕುವುದು. ಆ ಬಟ್ಟೆಗೆ ಕೆಂಪು ದಾರ ಕಟ್ಟಿ ಹ್ಯಾಂಡಲ್ಲಿಗೆ ಗಂಟು ಹಾಕಿರುತ್ತೇನೆ, ಸೆಪ್ಟೆಂಬರಿನಲ್ಲಿ ಮರೆತು ಕಿಕ್ ಹೊಡೆಯದಿರಲಿ ಅಂತ.